ಬೂದಿ, ಮಸಿ, ಸಪ್ಪೆ

ನಮ್ಮ ಅತ್ತೆ ಮನುಷ್ಯರ ಮುಖ ಮರೆಯುತ್ತಾರೆ, ಕೋಳಿಮರಿಯ ಮುಖ ಮರೆಯುವುದಿಲ್ಲ. ಎದುರುಮನೆಯ ನರ್ಸಮ್ಮ ಬಂದರೆ ಇವತ್ತಿಗೂ "ನೀನು ಯಾರ ಪೈಕಿ ತಾಯಿ?" ಎಂದು ಕೇಳುತ್ತಾರೆ. ಅದೇ ನರ್ಸಮ್ಮನ ಹಿತ್ತಲಲ್ಲಿ ಕೆದಕುತ್ತಿರುವ ಕೆಂಚು ಹೇಂಟೆಯನ್ನು ಕಂಡರೆ, "ಇದು ನಮ್ಮದೇ, ಹುಟ್ಟಿದಾಗ ಬೆನ್ನಿನ ಗೆರೆ ಬಾಲದ ಹತ್ತಿರ ಸೊಟ್ಟಗಿತ್ತು" ಎನ್ನುತ್ತಾರೆ. ನರ್ಸಮ್ಮ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನಾಗಿದ್ದರೆ ಮಾಡಿಕೊಳ್ಳುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಮೊಟ್ಟೆಗೆ ಕಾವು ಕೊಟ್ಟು, ಮರಿ ಮಾಡಿ ಮಾರುವ ಮನೆ. ಬೀದಿಗೆ ತೆರೆದುಕೊಂಡ ಕೋಣೆಯೇ ಅಂಗಡಿ. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು, ಒಂದೊಂದರ ಮೇಲೂ ಒಂದು ಬಲ್ಬು, ಕೆಳಗೆ ಹೊಟ್ಟು ಹರಡಿದ ನೆಲದಲ್ಲಿ ಒಂದರ ಮೇಲೊಂದು ಬೀಳುತ್ತಾ ಚಿಂವ್ ಚಿಂವ್ ಎನ್ನುವ ಮರಿಗಳು. ನಡುಮನೆಯಲ್ಲಿ ಬೀರುವಿನಷ್ಟು ಎತ್ತರದ ಕಾವಿನ ಮಷೀನು. ಅದಕ್ಕೆ ನಮ್ಮಲ್ಲಿ ಅಳಿಯನ ಮರ್ಯಾದೆ. ಅದಕ್ಕೆ ಸ್ವಲ್ಪ ಸೆಕೆಯಾದರೆ ಮನೆಮಂದಿಯೆಲ್ಲ ಓಡುತ್ತೇವೆ. ನನಗೆ ಸೆಕೆಯಾದರೆ ಯಾರೂ ತಿರುಗಿ ನೋಡುವುದಿಲ್ಲ. ಹಿಂದಿನ ಎರಡು ಕೋಣೆಗಳಲ್ಲಿ ನಾವು ಮೂರು ಜನ: ಅತ್ತೆ, ನಮ್ಮವರು, ನಾನು. ನಮ್ಮವರು ವ್ಯಾನಿನಲ್ಲಿ ಮರಿಗಳ ಪೆಟ್ಟಿಗೆ ತುಂಬಿಕೊಂಡು ಊರೂರು ತಿರುಗುತ್ತಾರೆ. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎನ್ನುವ ಹಾಗೆ ಇರುವ ಮನುಷ್ಯ. ಮನೆಯ ಮಾತನ್ನೆಲ್ಲ ನಾನೂ ಅತ್ತೆಯೂ ಹಂಚಿಕೊಂಡು ಆಡುತ್ತೇವೆ, ಹೆಚ್ಚಾಗಿ ಏರುದನಿಯಲ್ಲಿ.

ಬೀದಿಯವರು ಅತ್ತೆಯನ್ನು ಜೋಯಿಸಮ್ಮ ಎಂದು ಕರೆಯುತ್ತಾರೆ. ಇವತ್ತು ಹುಟ್ಟಿದ ಮರಿಯನ್ನು ಕೈಗೆ ಕೊಟ್ಟರೆ, ಮುಂದೆ ಅದು ಯಾವ ಬಣ್ಣಕ್ಕೆ ಬರುತ್ತದೆ, ಯಾವ ಜಾತಿ, ಹುಂಜವೋ ಹೇಂಟೆಯೋ ಎಂದು ಹೇಳುತ್ತಾರೆ. ಹುಂಜ-ಹೇಂಟೆಯ ವಿಷಯದಲ್ಲಿ ಆಗಾಗ ತಪ್ಪುವುದುಂಟು, ಆದರೆ ಅದನ್ನು ಅವರ ಮುಂದೆ ಹೇಳುವ ಧೈರ್ಯ ಯಾರಿಗೂ ಇಲ್ಲ. ನನಗಿದೆ. ಅದಕ್ಕೇ ನಮ್ಮ ಮನೆಯಲ್ಲಿ ಏರುದನಿ.

ಒಮ್ಮೆ ಶಾಲೆಯ ಮೇಷ್ಟ್ರೊಬ್ಬರು ಬಂದರು. ಹೊಸದಾಗಿ ಕೋಳಿ ಸಾಕುವ ಉಮೇದು. ಪೆಟ್ಟಿಗೆಗೆ ಬಗ್ಗಿ, "ಎಲ್ಲಾ ಹಳದೀನೇ ಕೊಡಿ ಅಮ್ಮ. ಒಂದೇ ಥರ ಇದ್ರೆ ನೋಡೋಕೆ ಚೆಂದ" ಎಂದರು.

"ನಿಮ್ಮ ಕ್ಲಾಸಿಗೆ ಮಕ್ಕಳೆಲ್ಲ ಒಂದೇ ಯೂನಿಫಾರ್ಮಲ್ಲಿ ಬರ್ತಾರಲ್ಲ ಮೇಷ್ಟ್ರೇ, ಹಾಗಂತ ಎಲ್ರೂ ಒಂದೇ ಮನೆಯವ್ರಾ?" ಎಂದರು ಅತ್ತೆ.

ಒಂದೊಂದೇ ಮರಿಯನ್ನು ಎತ್ತಿ ಅಂಗೈಯಲ್ಲಿ ಕೂರಿಸಿ, ಬಲ್ಬಿನ ಕಡೆ ತಿರುಗಿಸಿ, ಮೊದಲು ಕಾಲು, ಆಮೇಲೆ ಗಂಟಲು, ಆಮೇಲೆ ನೆತ್ತಿ ನೋಡಿದರು. ಅದು ಅವರ ಕ್ರಮ. ಬೆನ್ನನ್ನು ಕೊನೆಗೆ ನೋಡುತ್ತಾರೆ, ಏಕೆಂದರೆ ಅವರ ಪ್ರಕಾರ ಮೋಸ ಮಾಡುವುದೆಲ್ಲ ಬೆನ್ನೇ. "ಈ ಹಳದಿ ಇದೆಯಲ್ಲ, ಬೆನ್ನ ಮೇಲೆ ಹೊಗೆ ಹಿಡಿದ ಹಾಗಿದೆ, ಬೆಳೆದ್ರೆ ಬೆಳ್ಳಗಾಗುತ್ತೆ. ಇದೂ ಹಳದೀನೇ, ಆದ್ರೆ ಒಳಗೆ ಕೆಂಪು ಇದೆ, ಜೇನಿನ ಬಣ್ಣಕ್ಕೆ ಬರುತ್ತೆ. ಇದರ ಕಾಲ ಮೇಲೆ ನವಿರು ನೋಡಿ, ದೊಡ್ಡದಾದ್ರೆ ಪೈಜಾಮ ಹಾಕ್ಕೊಂಡ ಹಾಗೆ ಕಾಲ್ತುಂಬ ಪುಕ್ಕ. ಈ ಕಪ್ಪು ಮರಿ ನೆತ್ತಿ ಮೇಲೆ ಬಿಳಿ ಬೊಟ್ಟಿದೆ. ಕಪ್ಪು ಕೋಳಿ ಅಂತ ತಗೊಂಡು ಹೋಗಿ, ಮೈಯೆಲ್ಲ ಪಟ್ಟೆ ಬಂದ ಮೇಲೆ ನನ್ನ ಹತ್ರ ಜಗಳಕ್ಕೆ ಬರಬೇಡಿ. ಬೊಟ್ಟು ಚೆದುರಿದ್ರೆ ಹುಂಜ, ಚಿಕ್ಕದಾಗಿ ನೀಟಾಗಿದ್ರೆ ಹೇಂಟೆ."

ಮೇಷ್ಟ್ರು ಹಳದಿಯನ್ನು ಬಿಟ್ಟು ನಾಲ್ಕಾರು ಬಗೆಯ ಮರಿಗಳನ್ನು ಹಾಕಿಸಿಕೊಂಡು ಹೋದರು. ಹೋಗುವಾಗ ಅತ್ತೆಗೆ ಕೈಮುಗಿದರು. ಹೊಟ್ಟು ಹರಡಿ, ನೀರು ಇಟ್ಟು, ಪೆಟ್ಟಿಗೆ ಕಟ್ಟಿದವಳು ನಾನು. ನನಗೆ ಯಾರೂ ಕೈಮುಗಿಯಲಿಲ್ಲ.

ಅಂಗಡಿಯ ಈ ಮರಿಗಳೆಲ್ಲ ಹೊಟ್ಟೆಪಾಡು. ಅತ್ತೆಯ ಜೀವ ಇರುವುದು ಬೂದಿಗಳಲ್ಲಿ. ಬೂದಿ ಎಂದರೆ ಬೂದುಬಣ್ಣದ ಕೋಳಿ. ತಣ್ಣಗಾದ ಒಲೆಯ ಬೂದಿಯ ಹಾಗೆ ಮೈ, ಕತ್ತಿನ ಹತ್ತಿರ ಮಾತ್ರ ಸ್ವಲ್ಪ ಗಾಢ, ಕಾಲು ಸ್ಲೇಟಿನ ಬಣ್ಣ, ಹಿಂಬೆರಳಿನ ಉಗುರು ಮಾತ್ರ ಬೆಳ್ಳಗೆ. ಅತ್ತೆ ಮದುವೆಯಾಗಿ ಬರುವಾಗ ಅವರಮ್ಮ ಮಂಕರಿಯಲ್ಲಿ ಒಂದು ಜೋಡಿ ಕೊಟ್ಟು ಕಳಿಸಿದ್ದರಂತೆ. ಅವತ್ತಿನಿಂದ ಆ ತಳಿಯನ್ನು ಬೇರೆ ಯಾವುದರ ಜೊತೆಗೂ ಸೇರಿಸದೆ, ಹೊರಗಿನವರಿಗೆ ಮಾರದೆ, ಹಿತ್ತಲ ಗೂಡಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದಾರೆ. ಅವರ ತವರಿನಲ್ಲಿ ಈಗ ಮನೆಯೂ ಇಲ್ಲ, ಮನುಷ್ಯರೂ ಇಲ್ಲ. ಉಳಿದಿದ್ದು ಈ ಕೋಳಿಗಳು ಮಾತ್ರ.

ಒಂದೇ ತಕರಾರು. ಬೂದಿಯ ಮೊಟ್ಟೆಗಳಿಂದ ಹೊರಬರುವ ಮರಿಗಳೆಲ್ಲ ಬೂದಿಯಾಗಿರುವುದಿಲ್ಲ. ಅರ್ಧದಷ್ಟು ಬೂದಿ ಬಂದರೆ ಅದೇ ದೊಡ್ಡದು. ಉಳಿದವುಗಳಲ್ಲಿ ಕೆಲವು ಕಡುಕಪ್ಪು, ಅವುಗಳಿಗೆ ಅತ್ತೆ ಇಟ್ಟ ಹೆಸರು ಮಸಿ. ಇನ್ನು ಕೆಲವು ಕೊಳೆಬಿಳಿ. ತೊಳೆದರೂ ಹೋಗದ ಮಂಕು. ಅವು ಸಪ್ಪೆ. ಮಸಿ ಬಂದರೂ ಸಪ್ಪೆ ಬಂದರೂ ಅತ್ತೆಯ ಮುಖ ಹರಳೆಣ್ಣೆ ಕುಡಿದ ಹಾಗಾಗುತ್ತಿತ್ತು. "ಮಷೀನಿನ ಕಾವು ಜಾಸ್ತಿ ಮಾಡಿದೀಯ" ಎಂದು ನನಗೇ ಬೈಗುಳ. ಕಡಿಮೆ ಮಾಡಿ ನೋಡಿದೆ. ಆಗ, "ಕಾವು ಕಮ್ಮಿಯಾಗಿ ಬಣ್ಣ ಹಿಡೀಲಿಲ್ಲ" ಎಂದು ಇನ್ನೊಂದು ಬೈಗುಳ. ಈ ಮನೆಗೆ ಬಂದಾಗಿನಿಂದ ಹುಟ್ಟಿದ ಪ್ರತಿಯೊಂದು ಸಪ್ಪೆ ಮರಿಯ ಪಾಪವೂ ನನ್ನ ತಲೆಯ ಮೇಲಿದೆ.

ಮಸಿ-ಸಪ್ಪೆಗಳನ್ನು ಅತ್ತೆ ಮಾರುತ್ತಿರಲಿಲ್ಲ. ಮಾರಿದರೆ ಕೊಂಡವರು ಜೋಯಿಸಮ್ಮನ ಮನೆಯ ಬೂದಿಯ ತಳಿ ಎಂದು ಹೇಳಿಕೊಂಡು ತಿರುಗುತ್ತಾರೆ, ತಳಿಗೆ ಕೆಟ್ಟ ಹೆಸರು ಎಂಬುದು ಅವರ ಲೆಕ್ಕಾಚಾರ. ಅವೆಲ್ಲ ಬೀದಿಯ ಕೊನೆಯ ಟೈಲರಿಗೆ ಪುಕ್ಕಟೆ ಹೋಗುತ್ತಿದ್ದವು, ಒಂದು ಷರತ್ತಿನ ಮೇಲೆ: ಸಾಕಿಕೋ, ಮೊಟ್ಟೆ ತಿನ್ನು, ಆದರೆ ಇವುಗಳ ಮೊಟ್ಟೆಯನ್ನು ಕಾವಿಗೆ ಕೂರಿಸಬೇಡ. ಟೈಲರ್ ಒಂಟಿ ಮನುಷ್ಯ, ಅಂಗಡಿಯ ಹಿಂದೆ ಒಂದಿಷ್ಟು ಜಾಗವಿತ್ತು. ಅತ್ತೆಯ ಮುಂದೆ ನಿಂತು, ಅಳತೆ ಪಟ್ಟಿಯನ್ನು ಕತ್ತಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಿಮ್ಮ ಮಾತು ಮೀರ್ತೀನಾ ಅಮ್ಮಾ" ಎಂದು ಹೇಳಿದ್ದ.

ಈ ವರ್ಷ ಬೂದಿಗಳಿಗೆ ಗ್ರಹಚಾರ ಕೆಟ್ಟಿತು. ಮೀಸಲಿಗೆಂದು ಬೆಳೆಸಿದ್ದ ಎಳೆ ಹುಂಜವನ್ನು ಬೀದಿನಾಯಿ ಹೊತ್ತುಕೊಂಡು ಹೋಯಿತು. ಸ್ವಲ್ಪ ದಿನಕ್ಕೆ ಹಳೆಯ ಹುಂಜ ನೀರಿನ ಬಾನಿಯ ಪಕ್ಕ ಮಲಗಿದ್ದು ಏಳಲೇ ಇಲ್ಲ. ಉಳಿದಿದ್ದು ಎರಡು ಮುದಿ ಹೇಂಟೆಗಳು. ಹುಂಜ ಇದ್ದಾಗ ಅವು ಇಟ್ಟಿದ್ದ ಬೆರಳೆಣಿಕೆಯ ಮೊಟ್ಟೆಗಳನ್ನು ಅತ್ತೆ ತಾವೇ ಒರೆಸಿ, ಮಷೀನಿನ ಮಧ್ಯದ ಟ್ರೇಯಲ್ಲಿ ಇಟ್ಟರು. ಇಟ್ಟವರು ಬಾಗಿಲು ಮುಚ್ಚಿ ನನ್ನ ಕಡೆ ತಿರುಗಿ ಹೇಳಿದರು:

"ಈ ಸಲ ಒಂದಾದ್ರೂ ಬೂದಿ ಬಂದ್ರೆ ಸರಿ. ಬರದಿದ್ರೆ ನಾನು ಮಗಳ ಮನೆಗೆ ಹೋಗ್ತೀನಿ. ಎಷ್ಟು ದಿನದಿಂದ ಕರೀತಿದಾಳೆ. ಬೂದಿ ಮುಗಿದ ಮೇಲೆ ನನಗೇನು ಕೆಲಸ ಇಲ್ಲಿ?"

ನನ್ನ ನಾದಿನಿ ದೊಡ್ಡ ಊರಿನಲ್ಲಿದ್ದಾಳೆ. ಲಿಫ್ಟ್ ಇರುವ ಮನೆ, ಕೆಲಸಕ್ಕೆ ಆಳು, ತಾಯಿಗೆಂದೇ ಒಂದು ಕೋಣೆ ಬಣ್ಣ ಹೊಡೆಸಿ ಇಟ್ಟಿದ್ದಾಳೆ. ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಕೋಪ ಬರುವುದಿಲ್ಲ, ಅದೇ ನನಗೆ ಸಿಟ್ಟು.

"ಹೋಗಿ, ಯಾರು ಬೇಡ ಅಂದ್ರು? ನನಗೂ ಕಿವಿಗೆ ಸ್ವಲ್ಪ ವಿಶ್ರಾಂತಿ" ಎಂದೆ ನಾನು. ಅವತ್ತು ಎರಡು ಸಲ ಟ್ರೇ ತಿರುಗಿಸುವುದನ್ನು ಮರೆತೆ. ಅನ್ನಕ್ಕೆ ನೀರು ಹೆಚ್ಚಾಯಿತು. ನಮ್ಮವರು ತುಟಿ ಪಿಟಕ್ಕೆನ್ನದೆ ಅದನ್ನೇ ಉಂಡು ಎದ್ದರು.

ಮೊಟ್ಟೆ ಒಡೆಯುವ ದಿನ ಅತ್ತೆ ಬೆಳಗಿನಿಂದ ಮಷೀನಿನ ಗಾಜಿಗೆ ಕಣ್ಣು ಹಚ್ಚಿ ಸ್ಟೂಲಿನ ಮೇಲೆ ಕೂತರು. ಮೊದಲ ಮರಿ ಒದ್ದೆಯಾಗಿ ಹೊರಬಿತ್ತು. ಒದ್ದೆ ಮರಿಯ ಬಣ್ಣ ಹೇಳಲು ಅತ್ತೆಗೂ ಆಗದು, ಒಣಗಬೇಕು. ನಾವಿಬ್ಬರೂ ಗಾಜಿಗೆ ಮುಖ ಒತ್ತಿ, ಒಬ್ಬರ ಉಸಿರಿಗೆ ಮಂಜಾದದ್ದನ್ನು ಇನ್ನೊಬ್ಬರು ಸೆರಗಿನಲ್ಲಿ ಒರೆಸುತ್ತಾ ಕಾದೆವು. ಒಣಗಿತು. ಮಸಿ. ಮಧ್ಯಾಹ್ನದ ಹೊತ್ತಿಗೆ ಎರಡನೆಯದು, ಸಪ್ಪೆ. ಮೂರನೆಯದೂ ಸಪ್ಪೆ. ಉಳಿದ ಮೊಟ್ಟೆಗಳು ಒಡೆಯಲೇ ಇಲ್ಲ. ಸಂಜೆ ಬಲ್ಬಿಗೆ ಹಿಡಿದು ನೋಡಿದೆ, ಒಳಗೆ ಜೀವವಿರಲಿಲ್ಲ.

ನಾನು ಬೈಗುಳಕ್ಕೆ ಕಾದು ನಿಂತೆ. ಕಾವು ಜಾಸ್ತಿಯಾಯಿತು ಎನ್ನಲಿ, ಕಮ್ಮಿಯಾಯಿತು ಎನ್ನಲಿ, ಏನಾದರೂ ಅನ್ನಲಿ ಎಂದು ಕಾದೆ. ಅತ್ತೆ ಏನೂ ಅನ್ನಲಿಲ್ಲ. ಮೂರು ಮರಿಗಳನ್ನೂ ಒಂದೊಂದಾಗಿ ಅಂಗೈಯಲ್ಲಿ ಕೂರಿಸಿ ನೋಡಿ, ಪೆಟ್ಟಿಗೆಗೆ ಬಿಟ್ಟು, ಒಳಗೆ ಹೋಗಿ ಮಗಳಿಗೆ ಫೋನು ಮಾಡಿದರು. "ಭಾನುವಾರ ಬಂದು ಕರ್ಕೊಂಡು ಹೋಗೇ" ಎಂದದ್ದು ನನಗೆ ಕೇಳಿಸಿತು. ಈ ಹೆಂಗಸು ನನಗೆ ಬೈಯದೆ ಬಿಟ್ಟದ್ದು ಅದೇ ಮೊದಲು. ಬೈಯಿಸಿಕೊಂಡಾಗ ಎಂದೂ ಅಷ್ಟು ನೋವಾಗಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅತ್ತೆ ಬ್ಯಾಗಿಗೆ ಸೀರೆ ಮಡಿಸಿಡುತ್ತಾ, "ಆ ಮೂರನ್ನೂ ಟೈಲರಿಗೆ ಕೊಟ್ಟು ಬಾ" ಎಂದರು. ಮರಿಗಳನ್ನು ಹಳೆಯ ಚಪ್ಪಲಿ ಡಬ್ಬಿಯಲ್ಲಿ ಹಾಕಿಕೊಂಡು, ಎದುರಿಗೆ ಯಾರು ಸಿಕ್ಕರೂ ಕಚ್ಚಿಬಿಡುವ ಹದದಲ್ಲಿ ಬೀದಿಗಿಳಿದೆ.

ಟೈಲರ್ ಮಷೀನು ತುಳಿಯುತ್ತಿದ್ದವನು ನನ್ನನ್ನು ಕಂಡದ್ದೇ ಎದ್ದು ನಿಂತ. "ಕೊಡಿ ಅಕ್ಕಾ, ನಾನೇ ಹಿಂದೆ ಬಿಟ್ಕೋತೀನಿ" ಎಂದು ಡಬ್ಬಿಗೆ ಕೈಚಾಚಿದ. ಎಂದೂ ಹಾಗೆ ಮಾಡಿದವನಲ್ಲ. ಯಾವಾಗಲೂ ನಾನೇ ಹಿಂದೆ ಹೋಗಿ, ಅವನ ಕೋಳಿಗಳಿಗೆ ಏನು ಕಾಯಿಲೆ ಎಂದು ನೋಡಿ, ನಾಲ್ಕು ಬುದ್ಧಿ ಹೇಳಿ ಬರುವುದು ವಾಡಿಕೆ.

"ಯಾಕೆ, ಹಿಂದೆ ಏನಿಟ್ಟಿದೀಯಾ?"

"ಏನಿಲ್ಲಕ್ಕ. ಕಸ ಗುಡಿಸಿಲ್ಲ."

"ನಿನ್ನ ಅಂಗಡೀಲಿ ಕಸ ಗುಡಿಸಿದ್ದನ್ನ ನಾನು ನೋಡೇ ಇಲ್ಲ" ಎಂದು ಅವನನ್ನು ದಾಟಿಕೊಂಡು ಹಿಂದಿನ ಬಾಗಿಲು ತೆರೆದೆ.

ತುಂಡುಬಟ್ಟೆಯ ಚೀಲಗಳ ನಡುವೆ ಒಂದು ಮಸಿ ಹೇಂಟೆ ಕೆದಕುತ್ತಿತ್ತು. ಅದರ ಸುತ್ತ ಏಳೆಂಟು ಮರಿಗಳು. ಒಂದೇ ಒಂದು ಮಸಿ ಇಲ್ಲ, ಒಂದೇ ಒಂದು ಸಪ್ಪೆ ಇಲ್ಲ. ಎಲ್ಲವೂ ಬೂದಿ.

ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. "ಕಳ್ಳ! ನಮ್ಮ ಗೂಡಿನ ಮೊಟ್ಟೆಗೆ ಕೈ ಹಾಕಿದೀಯಾ?"

"ಅಯ್ಯೋ, ನಿಮ್ಮಾಣೆ ಇಲ್ಲಕ್ಕ!" ಟೈಲರ್ ಇಂಗು ತಿಂದ ಮಂಗನ ಹಾಗೆ ನಿಂತ. "ಇದು ನಿಮ್ಮ ಮಸಿ ಹೇಂಟೆ. ಅಗೋ, ಗೋಡೆ ಮೇಲಿರೋದು ನಿಮ್ಮ ಸಪ್ಪೆ ಹುಂಜ. ನೀವೇ ಕೊಟ್ಟಿದ್ದು. ನಾನು ಮೊಟ್ಟೆ ತೆಗೀತಾನೇ ಇದ್ದೆ. ಇವಳು ಚೀಲದ ಹಿಂದೆ ಕದ್ದು ಮೊಟ್ಟೆ ಇಟ್ಟು ಕೂತ್ಬಿಟ್ಲು. ಕಾವಿಗೆ ಕೂತವಳನ್ನ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಮರಿ ಬಂದ ಮೇಲೆ ನೋಡಿದ್ರೆ ಎಲ್ಲಾ ಬೂದಿ. ಅಮ್ಮಾವ್ರು ನನ್ನನ್ನ ಕಳ್ಳ ಅಂತಾರೆ ಅಂತ ಹೆದರಿ ಬಾಯಿ ಬಿಡಲಿಲ್ಲ. ನೀವೂ ಅದೇ ಅಂದ್ರಿ."

ನಾನು ಅವನನ್ನು ನಂಬಿದೆನೋ ಇಲ್ಲವೋ ಹೇಳಲಾರೆ. ಮಸಿಗೂ ಸಪ್ಪೆಗೂ ಬೂದಿ ಹುಟ್ಟುವುದೆಂದರೆ! ಬೂದಿಗೂ ಬೂದಿಗೂ ಸೇರಿಸಿ ಅರ್ಧಕ್ಕಿಂತ ಹೆಚ್ಚು ಬೂದಿ ಕಾಣದ ಮನೆ ನಮ್ಮದು. ಅದೂ ಅಲ್ಲದೆ, ಎಳೆ ಮರಿಯ ನವಿರಿನ ಬಣ್ಣ ನಂಬಿ ಮೋಸ ಹೋದವರನ್ನು ದಿನಾ ನೋಡುತ್ತೇನೆ. ಇವತ್ತು ಬೂದಿಯಾಗಿ ಕಂಡದ್ದು ರೆಕ್ಕೆ ಬರುವ ಹೊತ್ತಿಗೆ ಪಟ್ಟೆ ಕೋಳಿಯೋ ಮತ್ತೊಂದೋ ಆಗಬಹುದು. ಟೈಲರ್ ಸತ್ಯವಂತನೇ ಇರಬಹುದು. ಅವನ ಕೋಳಿ ಸತ್ಯವಂತೆಯೇ? ಹೇಳಬಲ್ಲವರು ಒಬ್ಬರೇ, ಅವರು ಸೀರೆ ಮಡಿಸುತ್ತಿದ್ದರು.

ಚಪ್ಪಲಿ ಡಬ್ಬಿಯಿಂದ ನಮ್ಮ ಮೂರನ್ನು ಅಲ್ಲಿಗೆ ಬಿಟ್ಟು, ಬೂದಿಗಳಲ್ಲಿ ಒಂದನ್ನು ಹಾಕಿಕೊಂಡೆ. ಮಸಿ ಹೇಂಟೆ ನನ್ನ ಮಣಿಕಟ್ಟಿಗೆ ಕುಕ್ಕಿ ರಕ್ತ ಬರಿಸಿತು. ಅದರ ಕೋಪ ನೋಡಿ, ಇದು ನಮ್ಮ ಮನೆಯದೇ ಎಂದು ಅರ್ಧ ನಂಬಿಕೆ ಬಂತು.

ಮನೆಗೆ ಬಂದು ಏನೂ ಹೇಳದೆ ಮರಿಯನ್ನು ಅತ್ತೆಯ ಮಡಿಲಲ್ಲಿ, ಮಡಿಸಿದ ಸೀರೆಯ ಮೇಲೆ ಬಿಟ್ಟೆ. ಅತ್ತೆ ನೋಡಿದರು. ಬೆನ್ನಿನ ಬಣ್ಣ ನೋಡಿ ಹಿಗ್ಗಲಿಲ್ಲ, ಜೋಯಿಸಮ್ಮ ಅಷ್ಟು ಸುಲಭಕ್ಕೆ ಸಿಗುವವರಲ್ಲ. ಎತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿದರು. ಕಾಲು ನೋಡಿದರು, ಸ್ಲೇಟು. ಗಂಟಲು ನೋಡಿದರು. ನೆತ್ತಿಯ ನವಿರನ್ನು ಊದಿ ಬೊಟ್ಟು ಇದೆಯೇ ಎಂದು ಹುಡುಕಿದರು, ಇರಲಿಲ್ಲ. ಕೊನೆಗೆ ಹಿಂಬೆರಳನ್ನು ಉಗುರಿನ ತುದಿಯಿಂದ ಬಿಡಿಸಿ ನೋಡಿದರು. ಉಗುರು ಬೆಳ್ಳಗಿತ್ತು.

"ಎಲ್ಲಿತ್ತೇ ಇದು?"

"ಮೊದಲು ಯಾವುದು ಹೇಳಿ."

"ಯಾವುದು ಅಂತ ನನ್ನನ್ನ ಕೇಳ್ತೀಯಾ? ನಮ್ಮಮ್ಮನ ಮನೇದು ಕಣೇ ಇದು." ಅಷ್ಟು ಹೇಳಿ ಮರಿಯನ್ನು ಕೆನ್ನೆಗೆ ಒತ್ತಿಕೊಂಡರು. ಮರುಗಳಿಗೆಯಲ್ಲೇ ಮುಖ ಕೆಂಪಾಯಿತು. "ಯಾರು ಕದ್ದಿದ್ದು?"

ಅತ್ತೆಯೂ ಸೊಸೆಯೂ ಒಂದೇ ಬುದ್ಧಿಯವರು ಎಂದು ನಮ್ಮವರು ಯಾವಾಗಲೋ ಒಮ್ಮೆ ಬಾಯಿ ಬಿಟ್ಟು ಹೇಳಿದ್ದರು.

ನಾನು ಎಲ್ಲವನ್ನೂ ಹೇಳಿದೆ. ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಹೊರಟರು. ಹಿಂದೆ ನಾನು, ಡಬ್ಬಿ, ಡಬ್ಬಿಯಲ್ಲಿ ಅರಚುವ ಮರಿ. ಟೈಲರ್ ನಮ್ಮನ್ನು ಕಂಡು ಇಸ್ತ್ರಿ ಮೇಜಿನ ಹಿಂದೆ ಸರಿದ. ಅತ್ತೆ ಅವನ ಕಡೆ ನೋಡಲೂ ಇಲ್ಲ. ಸೀದಾ ಹಿಂದಕ್ಕೆ ಹೋಗಿ, ಒಂದು ಬಟ್ಟೆ ಚೀಲದ ಮೇಲೆ ಕೂತು, ಮಸಿ ಹೇಂಟೆಯನ್ನು ನೋಡಿದರು. ಮರಿಗಳನ್ನು ನೋಡಿದರು. ಗೋಡೆಯ ಮೇಲಿನ ಸಪ್ಪೆ ಹುಂಜವನ್ನು ನೋಡಿದರು. ಬಿಳಿ ಮೈಯ ಮೇಲೆ ಶಾಯಿ ಚಿಮುಕಿಸಿದ ಹಾಗೆ ಚುಕ್ಕೆಗಳು, ಅಂದಗೆಟ್ಟ ಪ್ರಾಣಿ. ನಮ್ಮನ್ನೆಲ್ಲ ಕಡೆಗಣ್ಣಿನಲ್ಲಿ ನೋಡಿ ಅದು ಜೋರಾಗಿ ಕೂಗಿತು.

"ಇವನು ಹುಟ್ಟಿದ್ದು ನನಗೆ ನೆನಪಿದೆ" ಎಂದರು ಅತ್ತೆ. "ಕೊನೇಗೆ ಮೊಟ್ಟೆ ಒಡೆದವನು. ಕೈಯಲ್ಲಿ ಹಿಡಿದು, ಥೂ ಅಂದಿದ್ದೆ."

ಟೈಲರ್ ಮೆಲ್ಲಗೆ ಬಾಗಿಲಿಗೆ ಬಂದು, "ಅಮ್ಮಾ, ನನಗೆ ಕೋಳಿ ವಿಷಯ ಗೊತ್ತಿಲ್ಲ. ಕಪ್ಪು ದಾರ, ಬಿಳಿ ದಾರ ಸಮಸಮ ಸೇರಿಸಿ ನೇಯ್ದ್ರೆ ಬೂದು ಬಟ್ಟೆ ಬರುತ್ತೆ. ಹಾಗೇನಾದ್ರೂ ಇರಬಹುದಾ?" ಎಂದ.

ಅತ್ತೆ ಹುಂಜದಿಂದ ಹೇಂಟೆಗೆ, ಹೇಂಟೆಯಿಂದ ಮರಿಗಳಿಗೆ ಕಣ್ಣು ಹಾಯಿಸಿದರು. ಆಮೇಲೆ ನಗಲು ಶುರುಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಬೂದೀಲೇ ಎರಡೂ ಬೆರೆತಿದೆ. ಅದಕ್ಕೇ ಅದು ಬೇರೆಯಾಗಿ ಒಮ್ಮೆ ಮಸಿ, ಒಮ್ಮೆ ಸಪ್ಪೆ ಬರೋದು. ಇವೆರಡನ್ನೂ ಸೇರಿಸಿದ್ರೆ ಸಾಕಿತ್ತು, ಎಲ್ಲಾ ಬೂದೀನೇ. ಜನ್ಮವೆಲ್ಲ ಇದಕ್ಕೇ ಒದ್ದಾಡಿದೆ, ಬೇಕಾದ್ದನ್ನೆಲ್ಲ ಚಪ್ಪಲಿ ಡಬ್ಬೀಲಿ ಹಾಕಿ ಇವನಿಗೆ ಕಳಿಸ್ತಾನೇ ಇದ್ದೆನಲ್ಲೋ! ಜೋಯಿಸಮ್ಮ ಅಂತೆ, ಜೋಯಿಸಮ್ಮ!" ನಗು ನಿಂತ ಮೇಲೆ ನನ್ನ ಕಡೆ ತಿರುಗಿ, "ಪಾಪ, ನಿನಗೆ ಎಷ್ಟು ಬೈದೆ" ಎಂದರು.

ಅಷ್ಟು ಮಾತಿಗೆ ನಾನು ಎಷ್ಟೋ ವರ್ಷ ಕಾದಿದ್ದೆ. ಬಂದಾಗ ಏನು ಮಾಡಬೇಕೆಂದು ತೋಚದೆ, "ಕಾವೇನೂ ಜಾಸ್ತಿ ಇರ್ಲಿಲ್ಲ" ಎಂದೆ.

ಟೈಲರ್ ಮರಿಗಳನ್ನೆಲ್ಲ ಹಿಡಿದು ಕೊಡಲು ಹೊರಟ. ಅತ್ತೆ ಬೇಡವೆಂದರು. "ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕೆ ಆಗುತ್ತೇನೋ? ನೀನೇ ಸಾಕು. ಕಾವಿಗೆ ಕೂತವಳನ್ನ ಎಬ್ಬಿಸದೆ ಬಿಟ್ಟೆಯಲ್ಲ, ನಿನ್ನ ಕೈಲಿ ಇವು ಚೆನ್ನಾಗಿರ್ತವೆ. ಷರತ್ತು ಗಿರತ್ತು ಏನೂ ಇಲ್ಲ ಇನ್ಮೇಲೆ." ನಾನು ಹೊತ್ತು ತಂದಿದ್ದ ಮರಿಯನ್ನೂ ಅದರ ತಾಯಿಯ ಹತ್ತಿರ ಬಿಟ್ಟರು.

ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಬೂದಿ ಮುಗಿಯಲಿಲ್ಲ, ಇನ್ನು ಅತ್ತೆ ಹೋಗುವ ಮಾತೆಲ್ಲಿ? ನಾದಿನಿಗೆ ಫೋನು ಮಾಡಿ ಬರಬೇಡವೆಂದು ಹೇಳುವುದು ಹೇಗೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಅತ್ತೆ ಒಳಗೆ ಬಂದು, ಕಾಲು ತೊಳೆದು, ಅರ್ಧಕ್ಕೆ ಬಿಟ್ಟಿದ್ದ ಸೀರೆಯನ್ನು ಮತ್ತೆ ಮಡಿಸತೊಡಗಿದರು.

"ಇನ್ನೇನು ಮಡಿಸ್ತಿದೀರಾ? ಬೂದಿ ಸಿಕ್ತಲ್ಲ?"

"ಸಿಕ್ತು. ನಾನಿಲ್ದೆನೂ ಬದುಕ್ತವೆ ಅಂತ ಗೊತ್ತಾಯ್ತು. ಇನ್ನು ನಿಶ್ಚಿಂತೆಯಾಗಿ ಹೋಗಬಹುದು" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ನಿಜವಾಗಿಯೂ ಹಗುರಾಗಿದ್ದರು. "ಕೆಲಸ ಮುಗಿದ ಮೇಲೂ ನಿಮ್ಮ ಮಧ್ಯೆ ಬೀರು ಥರ ಕೂತಿರೋದು ಚೆನ್ನಾಗಿರಲ್ಲ. ನೀವಿಬ್ರೂ ಎಷ್ಟು ದಿನ ಅಂತ ನನ್ನನ್ನ ಹೊಟ್ಟೆಗೆ ಹಾಕ್ಕೋತೀರಿ?"

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಬೀರುವಾದ್ರೆ ಸುಮ್ನಿರುತ್ತೆ" ಎಂದೆ. ಅತ್ತೆ ನಕ್ಕು ಇನ್ನೊಂದು ಸೀರೆ ಎತ್ತಿಕೊಂಡರು. ಆ ವಾರವೆಲ್ಲ ನಾನು ಅವರ ಜೊತೆ ಕಾಲು ಕೆರೆದುಕೊಂಡು ಜಗಳ ಮಾಡಿದೆ, ಬಲ್ಬಿಗೆ, ಹೊಟ್ಟಿಗೆ, ಒಗೆದ ಬಟ್ಟೆಗೆ. ಅವರು ಯಾವುದಕ್ಕೂ ಎದುರಾಡಲಿಲ್ಲ. ಹೊರಟುನಿಂತವರ ಒಳ್ಳೆಯತನ ಸಹಿಸುವುದು ಕಷ್ಟ.

ಭಾನುವಾರ ನಾದಿನಿ ಕಾರಿನಲ್ಲಿ ಬಂದಳು. ಟೈಲರನ ಕತೆ ಕೇಳಿ ಬಿದ್ದು ಬಿದ್ದು ನಕ್ಕಳು. "ಒಳ್ಳೇದೇ ಆಯ್ತಲ್ಲ ಅತ್ತಿಗೆ! ಅಮ್ಮನಿಗೆ ಬೂದಿ ಚಿಂತೆ ತಪ್ಪಿತು, ನಿಮಗೂ ಹಗುರ" ಎಂದಳು. ಅವಳ ಮಾತಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ನಮ್ಮವರು ಬ್ಯಾಗನ್ನು ಎತ್ತಿಕೊಂಡು ಅಂಗಡಿಯ ಬಾಗಿಲಿನವರೆಗೆ ಬಂದರು, ಅಲ್ಲಿಂದ ಮುಂದಕ್ಕೂ ಹೋಗದೆ, ಕೆಳಗೂ ಇಡದೆ ನಿಂತರು. ಆ ಮನುಷ್ಯ ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕಡೆ ನೋಡಿದರು, ಅಷ್ಟೇ.

ಅತ್ತೆ ಪೆಟ್ಟಿಗೆಗಳನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬಂದರು. "ಮೂಲೆ ಪೆಟ್ಟಿಗೆ ಬಲ್ಬು ಸ್ವಲ್ಪ ಮೇಲೆ ಕಟ್ಟು, ಮರಿಗಳು ಅಂಚಿಗೆ ಸರೀತಿವೆ. ಪುಕ್ಕದ ಕಾಲಿನವಕ್ಕೆ ಹೊಟ್ಟು ಒಣಗಿರಲಿ. ಬರ್ತೀನಿ" ಎಂದರು.

"ಅತ್ತೆ, ಹೋಗಬೇಡಿ" ಎಂದೆ.

ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ನಾದಿನಿ ಕಾರಿನ ಬಾಗಿಲು ಹಿಡಿದು ತಿರುಗಿದಳು.

"ಯಾಕೆ?" ಎಂದರು ಅತ್ತೆ. "ಮರಿ ನೋಡೋಕೆ ನೀನಿದೀಯ, ನನ್ನಷ್ಟೇ ಚೆನ್ನಾಗಿ ಹೇಳ್ತೀಯ. ಬೂದಿಗೆ ಟೈಲರ್ ಇದಾನೆ."

"ಮರಿಗಲ್ಲ, ನನಗೆ. ನೀವಿಲ್ದೆ ನನಗಾಗಲ್ಲ." ಅಲ್ಲಿಗೆ ಕಟ್ಟೆಯೊಡೆಯಿತು. ಅಂಗಡಿಗೆ ಬಂದಿದ್ದ ಗಿರಾಕಿಗಳು ನೋಡುತ್ತಿದ್ದಾರೆ ಎಂಬುದೂ ಮರೆತುಹೋಯಿತು. "ಬೈಯೋಕೆ ಯಾರಿದಾರೆ ನನಗೆ ಈ ಮನೇಲಿ? ಇವರ ಹತ್ರ ಜಗಳ ಆಡೋದೂ ಒಂದೇ, ಗೋಡೆ ಹತ್ರ ಆಡೋದೂ ಒಂದೇ. ಬೆಳಿಗ್ಗೆ ಎದ್ದು ಯಾರ ಕೈಲಿ ಕಾಫಿ ತಣ್ಣಗಾಯ್ತು ಅನ್ನಿಸ್ಕೊಳ್ಳಲಿ? ಕೆಲಸ ಮುಗೀತು ಅಂತೀರಲ್ಲ, ಕೆಲಸಕ್ಕೆ ಅಂತ ಇಟ್ಕೊಂಡಿದ್ದೀವಾ ನಿಮ್ಮನ್ನ? ನೀವು ಏನೂ ಮಾಡದೆ ಕೂತಿರಿ. ಬೀರು ಥರಾನೇ ಕೂತಿರಿ. ನನಗೆ ನೀವು ಬೇಕು."

ಅತ್ತೆ ನನ್ನನ್ನು ನೋಡುತ್ತಾ ನಿಂತರು. ಮೂರು ಹೊತ್ತೂ ಎದುರಿಗಿದ್ದ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಆಮೇಲೆ ಅಲ್ಲೇ, ಎರಡು ಪೆಟ್ಟಿಗೆಗಳ ನಡುವಿನ ಹೊಟ್ಟಿನ ಚೀಲದ ಮೇಲೆ, ಹೊಸ ಸೀರೆ ಎಂದೂ ಲೆಕ್ಕಿಸದೆ ಕೂತುಬಿಟ್ಟರು. ನಮ್ಮವರು ಬ್ಯಾಗನ್ನು ಎತ್ತಿಕೊಂಡು ಯಾರನ್ನೂ ಕೇಳದೆ ಒಳಗೆ ನಡೆದರು.

"ಕೇಳಿಸ್ಕೊಂಡ್ಯೇನೇ?" ಎಂದರು ಅತ್ತೆ ಮಗಳಿಗೆ. "ನಾನು ಬೇಕಂತೆ ಇವಳಿಗೆ. ಇಷ್ಟು ವರ್ಷದಲ್ಲಿ ಒಂದಿನಾನೂ ಅಂದವಳಲ್ಲ. ಇನ್ನೊಂದ್ಸಲ ಹೇಳು ಅಂದ್ರೂ ಹೇಳಲ್ಲ ನೋಡು, ಅಂಥ ಹಟಮಾರಿ."

ನಾದಿನಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ನಾನು ಮೂಗೆಳೆದುಕೊಂಡು, ಅತ್ತೆಯ ಪಕ್ಕದಲ್ಲಿ ಅದೇ ಚೀಲದ ಮೇಲೆ ಜಾಗ ಮಾಡಿಕೊಂಡು ಕೂತು, ಇನ್ನೊಂದು ಸಲ ಹೇಳಿದೆ.